ಮೊಡವೆಗೆ ಊಟ ಬದಲಾಯಿಸಿ ನೋಡಿದ್ದು: ಟೆಸ್ಟ್ ಕಿಟ್, ಗ್ಲುಟೆನ್, ಹಾಲು, ಸಕ್ಕರೆ, ಇದ್ರಲ್ಲಿ ಯಾವ್ದು ಕೆಲಸ ಮಾಡ್ತು

ನನಗೆ ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸತ್ತೆ, ಗುಡುಗುಡು ಅಂತ ಸದ್ದು ಬರತ್ತೆ, ಒಂದೊಂದ್ಸಲ ಓಡ್ಬೇಕಾಗತ್ತೆ. ಇದು ಇಪ್ಪತ್ತು ದಾಟಿದ ಮೇಲೆ ಶುರುವಾಗಿದ್ದು. ಹೆಚ್ಚುಕಮ್ಮಿ ಅದೇ ವರ್ಷ ಗದ್ದ ಮತ್ತೆ ದವಡೆ ಸಾಲಲ್ಲಿ ಮೊಡವೆನೂ ಶುರುವಾಯ್ತು, ಬರೀ ಬಿಳಿ ತುದಿ ಇರೋ ಸಣ್ಣ ಗುಳ್ಳೆ ಅಲ್ಲ, ಚರ್ಮದ ಒಳಗೆ ಕಾಳಿನಷ್ಟು ಗಟ್ಟಿ ಗಂಟು, ಮಗ್ಗುಲಾಗಿ ದಿಂಬಿಗೆ ಕೆನ್ನೆ ತಾಗಿದ್ರೆ ನಿದ್ದೆಯಿಂದ ಎಬ್ಬಿಸೋ ಅಂಥದ್ದು. ಎರಡೂ ಒಟ್ಟಿಗೆ ಬಂದ್ರೆ ಯಾರಿಗಾದ್ರೂ ಬರೋ ಯೋಚನೆ ಒಂದೇ, ಹೊಟ್ಟೆಗೆ ಒಗ್ಗದೇ ಇರೋದೇ ಮುಖದಲ್ಲಿ ಎದ್ದು ಬರ್ತಿದೆ ಅಂತ. ನಾನೂ ಅದನ್ನೇ ನಂಬ್ಕೊಂಡು ಸುಮಾರು ಒಂದೂವರೆ ವರ್ಷ ಒಂದೊಂದೇ ಬಿಟ್ಟು ನೋಡ್ದೆ. ಕೊನೆಗೆ ಗೊತ್ತಾಗಿದ್ದು ಏನಂದ್ರೆ ಹಾಲಿಗೂ ನನ್ನ ಮೊಡವೆಗೂ ಸಂಬಂಧ ಇದೆ, ಆದ್ರೆ ಆ ಹೊಟ್ಟೆ ಉಬ್ಬರಕ್ಕೂ ಮೊಡವೆಗೂ ಸಂಬಂಧ ಇಲ್ಲ. ಎರಡೂ ಬೇರೆ ಬೇರೆ ದಾರಿ ಅಂತ ಮೊದ್ಲೇ ಯಾರಾದ್ರೂ ಬಿಡಿಸಿ ಹೇಳಿದ್ದಿದ್ರೆ ನನಗೆ ಎಷ್ಟೋ ತಿಂಗಳು ಉಳೀತಿತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಲೆಕ್ಕ ಹೇಗಿಟ್ಟೆ ಅಂತ ಮೊದ್ಲು ಹೇಳ್ತೀನಿ. ಪ್ರತಿ ಭಾನುವಾರ ಬೆಳಿಗ್ಗೆ ಮುಖ ತೊಳೆದು ಅದೇ ಕಿಟಕಿ ಪಕ್ಕ ನಿಂತು ಎಡ, ಬಲ, ಎದುರು ಅಂತ ಮೂರು ಫೋಟೋ, ಆಮೇಲೆ ಕೆಂಪಗೆ ಊದಿರೋದನ್ನ ಮಾತ್ರ ಎಣಿಸಿ ನೋಟ್‌ಬುಕ್‌ಗೆ ಬರೆಯೋದು. ಹಳೇ ಕಲೆ ಎಣಿಸ್ತಿರ್ಲಿಲ್ಲ. ಫೇಸ್‌ವಾಶ್, ಮಾಯಿಶ್ಚರೈಸರ್ ಪೂರ್ತಿ ಅವಧಿ ಅದೇ, ಮೊಡವೆ ಕ್ರೀಮ್ ಯಾವ್ದೂ ಇಲ್ಲ. ಪೀರಿಯಡ್ಸ್ ತಾರೀಖನ್ನೂ ಪಕ್ಕದಲ್ಲೇ ಬರೀತಿದ್ದೆ, ಇದನ್ನ ದಯವಿಟ್ಟು ಯಾರೂ ಬಿಡ್ಬೇಡಿ, ಯಾಕಂದ್ರೆ ಅದಕ್ಕೆ ಒಂದು ವಾರ ಮುಂಚೆ ನನಗೆ ಏನು ತಿಂದ್ರೂ ತಿನ್ನದಿದ್ರೂ ನಾಲ್ಕೈದು ಜಾಸ್ತಿ ಆಗತ್ತೆ, ಆ ವಾರ ಮುಖ ನೋಡಿ ಬೇಜಾರಾಗಿ ಡಯಟ್ ಶುರು ಮಾಡಿದ್ರೆ ಮುಂದಿನ ವಾರ ಹೇಗಿದ್ರೂ ಇಳಿಯತ್ತೆ, ಆಗ ಡಯಟ್‌ನಿಂದ ಇಳೀತು ಅಂತ ಅನ್ಸತ್ತೆ. ಏನೂ ಬದಲಾಯಿಸದೆ ಮೊದಲ ನಾಲ್ಕು ವಾರ ಎಣಿಸಿದಾಗ ಸರಾಸರಿ 13 ಇತ್ತು.

ಇನ್ನೊಂದು ವಿಷ್ಯ, ಟೈಮ್. ಇವತ್ತು ಕಾಣೋ ಮೊಡವೆ ಇವತ್ತಿಂದಲ್ಲ, ಕಣ್ಣಿಗೆ ಬೀಳೋಕೆ ಎಷ್ಟೋ ವಾರ ಮುಂಚೆನೇ ರಂಧ್ರದ ಒಳಗೆ ಎಣ್ಣೆ ಮತ್ತೆ ಸತ್ತ ಕೋಶ ಸೇರ್ಕೊಂಡು ಕಟ್ಟೋಕೆ ಶುರುವಾಗಿರತ್ತೆ. ಅದಕ್ಕೇ ನಿನ್ನೆ ಚಾಕ್ಲೇಟ್ ತಿಂದೆ ಇವತ್ತು ಮೊಡವೆ ಬಂತು ಅನ್ನೋ ಲೆಕ್ಕ ಸರಿ ಹೋಗಲ್ಲ, ಹಾಗೇ ಎರಡು ವಾರ ಹಾಲು ಬಿಟ್ಟೆ ಏನೂ ಆಗ್ಲಿಲ್ಲ ಅನ್ನೋದೂ ಸರಿ ಹೋಗಲ್ಲ. 12 ವಾರ ಕೊಡ್ಬೇಕು. ನಾನು ಎಲ್ಲದಕ್ಕೂ 12 ಕೊಟ್ಟಿಲ್ಲ, ಕೊಡದೇ ಇರೋ ಕಡೆ ಹೇಳ್ತೀನಿ.

ಮೊದಲನೇದು ಟೆಸ್ಟ್ ಕಿಟ್. ಬೆರಳು ಚುಚ್ಚಿ ಎರಡು ಹನಿ ರಕ್ತ ಕಳಿಸಿದ್ರೆ ಇನ್ನೂರು ಚಿಲ್ರೆ ಆಹಾರಕ್ಕೆ ಇಂಟಾಲರೆನ್ಸ್ (ಅಂದ್ರೆ ದೇಹಕ್ಕೆ ಒಗ್ಗದೇ ಇರೋದು) ಇದೆಯಾ ಅಂತ ಹೇಳೋ, ರಕ್ತದಲ್ಲಿ ಐಜಿಜಿ ಅನ್ನೋ ಆಂಟಿಬಾಡಿ ಅಳೆಯೋ ಟೆಸ್ಟ್. ರಿಪೋರ್ಟ್ ಬಂದಾಗ ನಿಜವಾಗ್ಲೂ ಕೈ ನಡುಗ್ತಿತ್ತು, ಕೊನೆಗೂ ಉತ್ತರ ಸಿಕ್ತು ಅಂತ. ಕೆಂಪು ಪಟ್ಟಿಲಿ 23 ಐಟಂ, ಹಾಲು, ಮೊಟ್ಟೆ, ಗೋಧಿ, ಬಾದಾಮಿ, ಬಾಳೆಹಣ್ಣು, ಟೊಮ್ಯಾಟೊ, ಬೆಳ್ಳುಳ್ಳಿ. ಆ ಪಟ್ಟಿ ಕಣ್ಮುಂದೆ ಇಟ್ಕೊಂಡು ನಿಧಾನಕ್ಕೆ ನೋಡಿದ್ರೆ ಅದು ನಾನು ವಾರವಿಡೀ ತಿನ್ನೋ ಊಟದ ಪಟ್ಟಿನೇ ಆಗಿತ್ತು, ಹಸಿರಲ್ಲಿ ಇದ್ದಿದ್ದೆಲ್ಲ ನಾನು ಯಾವತ್ತೂ ಮುಟ್ಟದ ಮೀನು, ಸೀಗಡಿ ಅಂಥವು. ಕಾರಣ ಆಮೇಲೆ ಓದಿದಾಗ ತಿಳೀತು, ಐಜಿಜಿ ಅನ್ನೋದು ನಾವು ತಿಂದಿರೋ ಆಹಾರವನ್ನ ದೇಹ ಗುರುತು ಹಿಡಿದಿದೆ ಅನ್ನೋದಕ್ಕೆ ಗುರುತು, ಅದು ಒಗ್ಗಲ್ಲ ಅನ್ನೋದಕ್ಕಲ್ಲ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ, ಕೆನಡಾದ ಅಲರ್ಜಿ ಸೊಸೈಟಿ 2012ರಲ್ಲಿ ಈ ಟೆಸ್ಟ್‌ನ ಇಂಟಾಲರೆನ್ಸ್ ಪತ್ತೆಗೆ ಬಳಸ್ಬೇಡಿ ಅಂತ ಬರೆದಿದ್ದಾರೆ. ತಿಂದ ಕೂಡ್ಲೇ ಕಾಣೋ ಫುಡ್ ಅಲರ್ಜಿ ಸಾಮಾನ್ಯವಾಗಿ ಐಜಿಇ ಅನ್ನೋ ಬೇರೆ ಆಂಟಿಬಾಡಿಯಿಂದ ಆಗೋದು, ಅದ್ರಲ್ಲಿ ದದ್ದು, ತುಟಿ ಊತ, ಉಸಿರಾಟದ ತೊಂದ್ರೆ ಬರತ್ತೆ, ಮೊಡವೆ ಅಲ್ಲ. ನಾನು ಆ 23ನ್ನೂ ಆರು ವಾರ ಬಿಟ್ಟೆ. ತೂಕ ಇಳೀತು, ಮಧ್ಯಾಹ್ನ ತಲೆ ಸುತ್ತೋದು, ಯಾರ ಮನೆಗೆ ಹೋದ್ರೂ ಊಟ ಬೇಡ ಅನ್ನೋದು. ಕೌಂಟ್ 13ರಿಂದ 11. ಅಷ್ಟು ಕಷ್ಟಕ್ಕೆ ಎರಡು ಮೊಡವೆ, ಅದೂ ವಾರವಾರದ ಏರಿಳಿತದ ಒಳಗೇ ಇರೋ ಅಷ್ಟು. ಇದನ್ನ ಯಾರಿಗೂ ಹೇಳಲ್ಲ, ಅದರಲ್ಲೂ ಊಟದ ಬಗ್ಗೆ ಮೊದ್ಲೇ ಭಯ ಇರೋ ಹುಡುಗೀರಿಗೆ ಇಂಥ ಪಟ್ಟಿ ಕೈಗೆ ಕೊಡ್ಲೇಬಾರ್ದು.

ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರೋ ಪ್ರೋಟೀನ್) ಬಗ್ಗೆ ಜಾಸ್ತಿ ಹೇಳೋಕಿಲ್ಲ. ಎಂಟು ವಾರ ಬಿಟ್ಟೆ, ಮೊದಲ ನಾಲ್ಕು ವಾರ ಬ್ರೆಡ್ಡು ಬಿಸ್ಕೆಟ್ಟು ಕೇಕು ಏನೂ ಇಲ್ದೆ ಕೌಂಟ್ 10ಕ್ಕೆ ಬಂತು, ಆಮೇಲೆ ಗ್ಲುಟೆನ್ ಫ್ರೀ ಬಿಸ್ಕೆಟ್, ಗ್ಲುಟೆನ್ ಫ್ರೀ ಬ್ರೆಡ್ ತಿನ್ನೋಕೆ ಶುರು ಮಾಡ್ದೆ, ವಾಪಸ್ 12. ಗ್ಲುಟೆನ್ ಎರಡೂ ಸಲ ಸೊನ್ನೆನೇ, ಮಧ್ಯದಲ್ಲಿ ಬದಲಾಗಿದ್ದು ಸಕ್ಕರೆ ಮತ್ತೆ ಪಿಷ್ಟದ ಪ್ರಮಾಣ. ಅಲ್ಲಿಗೆ ನನಗೆ ಉತ್ತರ ಸಿಕ್ತು. ಸೀಲಿಯಾಕ್ ಅಂದ್ರೆ ಗ್ಲುಟೆನ್ ತಿಂದ್ರೆ ಕರುಳು ಹಾಳಾಗೋ ಕಾಯಿಲೆ, ಅದು ಇರೋ ಕೆಲವರಿಗೆ ಚರ್ಮದ ಮೇಲೆ ಬರೋದೂ ಮೊಡವೆ ಅಲ್ಲ, ಮೊಣಕೈ, ಮಂಡಿ, ಪೃಷ್ಠದ ಮೇಲೆ ವಿಪರೀತ ತುರಿಕೆ ಇರೋ ಸಣ್ಣ ನೀರ್ಗುಳ್ಳೆಗಳು. ಅಂಥದ್ದು ಇದ್ರೆ ಗ್ಲುಟೆನ್ ಬಿಡೋಕೆ ಮುಂಚೆನೇ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ, ಬಿಟ್ಟ ಮೇಲೆ ಮಾಡಿಸಿದ್ರೆ ರಿಸಲ್ಟ್ ತಪ್ಪಾಗಿ ನೆಗೆಟಿವ್ ಬರ್ಬೋದು.

ಈಗ ಮುಖ್ಯವಾದ್ದು, ಹಾಲು. ಇಲ್ಲಿ ನಾನು ಎರಡು ಥರ ಮಾಡ್ದೆ, ಮೊದ್ಲು ಲ್ಯಾಕ್ಟೋಸ್ ಫ್ರೀ ಹಾಲು, ಆಮೇಲೆ ಹಾಲೇ ಇಲ್ಲ. ಈ ಎರಡನ್ನ ಅಕ್ಕಪಕ್ಕ ಇಟ್ಟು ನೋಡಿದ್ರೇನೇ ಪೂರ್ತಿ ಕಥೆ ಅರ್ಥ ಆಗೋದು.

ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ, ಅದನ್ನ ಒಡೆಯೋಕೆ ಸಣ್ಣ ಕರುಳಲ್ಲಿ ಲ್ಯಾಕ್ಟೇಸ್ ಅನ್ನೋ ಎಂಜೈಮ್ ಬೇಕು, ಪ್ರಪಂಚದ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದು ಬೆಳೀತಾ ಬೆಳೀತಾ ಕಮ್ಮಿ ಆಗತ್ತೆ. ಒಡೆಯದೇ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿದಾಗ ಗ್ಯಾಸ್, ಉಬ್ಬರ, ಭೇದಿ. ಅಷ್ಟೇ. ಇಮ್ಯೂನ್ ಸಿಸ್ಟಮ್‌ಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಕ್ಟೋಸ್ ಫ್ರೀ ಹಾಲಲ್ಲಿ ಮಾಡೋದು ಏನಂದ್ರೆ ಆ ಎಂಜೈಮ್ ಮೊದ್ಲೇ ಹಾಕಿ ಸಕ್ಕರೆನ ಒಡೆದಿರ್ತಾರೆ, ಉಳಿದಿದ್ದೆಲ್ಲ ಮಾಮೂಲಿ ಹಾಲೇ. ನಾನು ಅದಕ್ಕೆ ಬದಲಾದ ಮೂರನೇ ದಿನಕ್ಕೇ ಹೊಟ್ಟೆ ಪೂರ್ತಿ ಶಾಂತ, ಎಷ್ಟು ಖುಷಿ ಆಯ್ತು ಅಂದ್ರೆ ಎರಡು ಲೋಟ ಕುಡೀತಿದ್ದವಳು ಮೂರು ಕುಡಿಯೋಕೆ ಶುರು ಮಾಡ್ದೆ. ಒಂಬತ್ತು ವಾರ ಆದ್ಮೇಲೆ ಕೌಂಟ್ ನೋಡಿದ್ರೆ 15. ಹೊಟ್ಟೆ ಹೂವಿನ ಹಾಗಿದೆ, ಮುಖ ಮೊದಲಿಗಿಂತ ಕೆಟ್ಟಿದೆ. ನೋಟ್‌ಬುಕ್ ಮುಂದೆ ಕೂತು ಆ ನಂಬರ್ ನೋಡ್ತಾ ಅತ್ತಿದ್ದೀನಿ, ಆದ್ರೆ ಇಡೀ ಒಂದೂವರೆ ವರ್ಷದಲ್ಲಿ ಅತೀ ಹೆಚ್ಚು ಕಲಿಸಿದ ನಂಬರ್ ಅದೇ.

ಯಾಕಂದ್ರೆ ಮೊಡವೆ ವಿಷ್ಯದಲ್ಲಿ ಅನುಮಾನ ಇರೋದು ಲ್ಯಾಕ್ಟೋಸ್ ಮೇಲಲ್ಲ, ಹಾಲಿನ ಪ್ರೋಟೀನ್ ಮೇಲೆ. ಹಾಲು ರಕ್ತದ ಸಕ್ಕರೆನ ಅಷ್ಟಾಗಿ ಏರಿಸಲ್ಲ, ಆದ್ರೂ ಇನ್ಸುಲಿನ್‌ನ ಚೆನ್ನಾಗೇ ಏರಿಸತ್ತೆ, ಅದರಲ್ಲೂ ವೇ ಪ್ರೋಟೀನ್ (ಹಾಲು ಒಡೆದಾಗ ಬೇರೆಯಾಗೋ ನೀರಲ್ಲಿರೋ ಪ್ರೋಟೀನ್). ಇನ್ಸುಲಿನ್ ಜೊತೆ ಐಜಿಎಫ್-1 ಅನ್ನೋ ಬೆಳವಣಿಗೆ ಹಾರ್ಮೋನೂ ಏರತ್ತೆ, ಎರಡೂ ಸೇರಿ ಎಣ್ಣೆ ಗ್ರಂಥಿನ ಜಾಸ್ತಿ ಕೆಲ್ಸ ಮಾಡ್ಸತ್ತೆ, ರಂಧ್ರದ ಒಳಗಿನ ಕೋಶಗಳು ಬೇಗ ಬೇಗ ಬೆಳೆದು ಮುಚ್ಕೊಳ್ಳತ್ತೆ. ಅಮೆರಿಕದಲ್ಲಿ 47,355 ನರ್ಸ್‌ಗಳನ್ನ ಹೈಸ್ಕೂಲ್ ದಿನಗಳಲ್ಲಿ ಏನು ತಿಂತಿದ್ರಿ ಅಂತ ಕೇಳಿ 2005ರಲ್ಲಿ ಪ್ರಕಟ ಮಾಡಿದ ಸ್ಟಡಿಯಲ್ಲಿ ಕೊಬ್ಬು ತೆಗೆದ ಹಾಲಿಗೇ ಮೊಡವೆ ಜೊತೆ ಹೆಚ್ಚು ನಂಟು ಕಂಡಿತ್ತು, ಅಂದ್ರೆ ಕೊಬ್ಬು ಕಾರಣ ಅಲ್ಲ. ಆ ನರ್ಸ್‌ಗಳು ನೆನಪಿಂದ ಹೇಳಿದ್ದು, ನಂಟು ಅಷ್ಟೇ, ಕಾರಣ ಅಂತ ಸಾಬೀತಾಗಿಲ್ಲ, ಅದು ಸರಿನೇ. ಆದ್ರೆ ನನ್ನ ಮೂರು ಲೋಟದ ಲೆಕ್ಕಕ್ಕೆ ಕೂತ್ಕೊಂಡಿದ್ದು ಈ ವಿವರಣೆ ಮಾತ್ರ.

ಆಮೇಲೆ ಪೂರ್ತಿ 12 ವಾರ ಹಾಲು, ಹಾಲಿನ ಟೀ ಕಾಫಿ, ಐಸ್‌ಕ್ರೀಮ್, ಚೀಸ್, ಮೊಸರು ಎಲ್ಲ ಬಂದ್. ಜಿಮ್‌ಗೆ ಅಂತ ವಾರಕ್ಕೆ ನಾಲ್ಕು ದಿನ ತಗೊಳ್ತಿದ್ದ ವೇ ಪ್ರೋಟೀನ್ ಪುಡಿನೂ ಬಂದ್, ಅದನ್ನ ಅಲ್ಲೀವರೆಗೂ ಡೈರಿ ಅಂತ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಐದನೇ ವಾರದ ತನಕ ಏನೂ ಇಲ್ಲ, ಬಿಟ್ಬಿಡೋಣ ಅಂತ ಅನ್ಸಿತ್ತು. ಏಳನೇ ವಾರದಿಂದ ಹೊಸ ಗಂಟು ಬರೋದು ಕಮ್ಮಿ ಆಯ್ತು, 12ನೇ ವಾರಕ್ಕೆ 7.

ಇದಕ್ಕೆ ಎದುರಾಳಿ ಸಕ್ಕರೆ. ಒಂದು ತಿಂಗಳು ಮಾಮೂಲಿ ಊಟಕ್ಕೆ ವಾಪಸ್ ಹೋಗಿ, ಕೌಂಟ್ 11ಕ್ಕೆ ಏರಿದ ಮೇಲೆ, ಹಾಲು ಇಟ್ಕೊಂಡೇ 12 ವಾರ ಲೋ ಗ್ಲೈಸೀಮಿಕ್ (ರಕ್ತದ ಸಕ್ಕರೆನ ಬೇಗ ಏರಿಸದ) ಊಟ ಮಾಡ್ದೆ, ಅಂದ್ರೆ ಸಿಹಿ, ಜ್ಯೂಸ್, ಬಿಳಿ ಬ್ರೆಡ್, ಬಿಸ್ಕೆಟ್ ಇಲ್ಲ, ಬಿಳಿ ಅನ್ನ ಅರ್ಧ ಮಾಡಿ ಆ ಜಾಗಕ್ಕೆ ಕಾಳು, ತರಕಾರಿ, ಮೊಟ್ಟೆ. ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗ್ರ ಮೇಲೆ ಇದೇ ಥರ 12 ವಾರ ಮಾಡಿ 2007ರಲ್ಲಿ ಬರೆದಿದ್ದಾರೆ, ಡಯಟ್ ಗುಂಪಲ್ಲಿ ಮೊಡವೆ ಇನ್ನೊಂದು ಗುಂಪಿಗಿಂತ ಜಾಸ್ತಿ ಇಳೀತು, ಆದ್ರೆ ಅವರ ತೂಕನೂ ಇಳಿದಿತ್ತು, ಹಾಗಾಗಿ ಯಾವುದರಿಂದ ಅಂತ ಬಿಡಿಸೋದು ಕಷ್ಟ. ನನಗೂ ತೂಕ ಎರಡು ಕೆಜಿ ಇಳೀತು. ಕೌಂಟ್ 8.

ಅಂದ್ರೆ ನಂಬರ್ ಪ್ರಕಾರ ಹಾಲು ಬಿಟ್ರೆ 7, ಸಕ್ಕರೆ ಬಿಟ್ರೆ 8, ಒಬ್ಬಳೇ ಮನುಷ್ಯಳ ಮುಖದಲ್ಲಿ ಈ ಒಂದರ ವ್ಯತ್ಯಾಸಕ್ಕೆ ಅರ್ಥ ಇಲ್ಲ. ವ್ಯತ್ಯಾಸ ಇದ್ದಿದ್ದು ಎಂಥ ಮೊಡವೆ ಕಮ್ಮಿ ಆಯ್ತು ಅನ್ನೋದ್ರಲ್ಲಿ. ಹಾಲು ಬಿಟ್ಟಾಗ ದವಡೆಯ ಆ ನೋಯೋ ಗಂಟುಗಳು ಕಮ್ಮಿ ಆಯ್ತು, ಹಣೆ ಮೇಲಿನ ಸಣ್ಣವು ಹಾಗೇ ಇದ್ವು. ಸಕ್ಕರೆ ಬಿಟ್ಟಾಗ ಮಧ್ಯಾಹ್ನಕ್ಕೆ ಮುಖದ ಮೇಲೆ ಟಿಶ್ಯೂ ಇಟ್ರೆ ಪಾರದರ್ಶಕ ಆಗ್ತಿದ್ದ ಎಣ್ಣೆ ಕಮ್ಮಿ ಆಯ್ತು, ಹಣೆ ಕ್ಲಿಯರ್ ಆಯ್ತು, ಗಂಟುಗಳು ಬರ್ತಾನೇ ಇದ್ವು. ಬದುಕೋಕೆ ಯಾವ್ದು ಸುಲಭ ಅಂತ ಕೇಳಿದ್ರೆ ಸಕ್ಕರೆ ಕಮ್ಮಿ ಮಾಡೋದೇ, ಯಾಕಂದ್ರೆ ಅದ್ರಲ್ಲಿ ಪೂರ್ತಿ ಬಿಡೋದು ಅಂತ ಇಲ್ಲ, ಒಂದು ದಿನ ತಪ್ಪಿದ್ರೂ ಮಾರನೇ ದಿನ ಮುಂದುವರಿಸ್ಬೋದು, ದೇಹಕ್ಕೆ ಬೇಕಾದ್ದು ಯಾವ್ದೂ ತಪ್ಪಲ್ಲ. ಹಾಲು ಬಿಟ್ರೆ ಕ್ಯಾಲ್ಸಿಯಂ ಎಲ್ಲಿಂದ ಅಂತ ಯೋಚ್ನೆ ಮಾಡ್ಲೇಬೇಕು, ದೊಡ್ಡವರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು, ಎಳ್ಳು, ಸೊಪ್ಪು, ಟೋಫು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಅಂತ ಹೊಂದಿಸ್ಬೇಕು. ಸಸ್ಯಾಹಾರಿಗಳಾಗಿದ್ರೆ ಬಿ12 ಕೂಡ. ಅದಕ್ಕೆ ಅಂತ ಹೈ ಡೋಸ್ ಬಿ12 ಮಾತ್ರೆ ಸುಮ್ನೆ ನುಂಗ್ಬೇಡಿ, ಅದರಿಂದಲೇ ಕೆಲವರಿಗೆ ಮೊಡವೆ ಥರದ ಗುಳ್ಳೆ ಏಳತ್ತೆ, ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ.

ಈ ಎರಡಕ್ಕೂ ಎದುರು ಇನ್ನೊಂದನ್ನ ಇಡ್ಲೇಬೇಕು, ಇಲ್ದಿದ್ರೆ ಮೋಸ ಆಗತ್ತೆ. ಡಯಟ್ ಪ್ರಯೋಗ ಎಲ್ಲ ಮುಗಿಸಿ ಚರ್ಮದ ಡಾಕ್ಟರ್ ಹತ್ರ ನೋಟ್‌ಬುಕ್ ತಗೊಂಡು ಹೋದೆ. ಅವ್ರು ಪೀರಿಯಡ್ಸ್ ಸರಿಯಾಗಿ ಆಗತ್ತಾ, ಮುಖದಲ್ಲಿ ಕೂದಲು ಜಾಸ್ತಿ ಆಗಿದೆಯಾ ಅಂತ ಕೇಳಿದ್ರು, ದವಡೆ ಸಾಲಿನ ಮೊಡವೆ ಜೊತೆ ಇವೂ ಇದ್ರೆ ಪಿಸಿಒಎಸ್ (ಹಾರ್ಮೋನ್ ಏರುಪೇರಾಗೋ ಅಂಡಾಶಯದ ತೊಂದ್ರೆ) ನೋಡ್ಬೇಕಾಗತ್ತಂತೆ, ನನಗೆ ಇರ್ಲಿಲ್ಲ. ಹಚ್ಚೋಕೆ ಎರಡು ಕ್ರೀಮ್ ಕೊಟ್ರು, ರಾತ್ರಿ ಅಡಾಪಲೀನ್ 0.1%, ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%. ಮೊದಲ ಮೂರು ವಾರ ಮೂಗಿನ ಪಕ್ಕ ಸಿಪ್ಪೆ ಎದ್ದು ಉರೀತು, ಊಟ ಮಾಮೂಲಿ, ಹಾಲೂ ಇತ್ತು, ಬಿಸ್ಕೆಟ್ಟೂ ಇತ್ತು. 12ನೇ ವಾರಕ್ಕೆ ಕೌಂಟ್ 4. ಊಟದಲ್ಲಿ ಮಾಡಿದ ಯಾವ ಬದಲಾವಣೆಯೂ ಅಷ್ಟು ಇಳಿಸಿರ್ಲಿಲ್ಲ. ಗರ್ಭಿಣಿ ಆಗಿದ್ರೆ ಅಥವಾ ಆ ಪ್ಲಾನ್ ಇದ್ರೆ ಅಡಾಪಲೀನ್ ಹಚ್ಬೇಡಿ, ಮೊದ್ಲು ಡಾಕ್ಟರ್‌ನ ಕೇಳಿ. ಅಮೆರಿಕದ ಚರ್ಮತಜ್ಞರ ಅಕಾಡೆಮಿ 2024ರಲ್ಲಿ ಹೊರಡಿಸಿದ ಗೈಡ್‌ಲೈನ್‌ನಲ್ಲೂ ಈ ಎರಡು ಔಷಧಿನ ಗಟ್ಟಿಯಾಗಿ ಹೇಳಿದ್ದಾರೆ, ಹಾಲು ಬಿಡಿ ಅನ್ನೋಕಾಗ್ಲಿ ಲೋ ಗ್ಲೈಸೀಮಿಕ್ ಮಾಡಿ ಅನ್ನೋಕಾಗ್ಲಿ ಸಾಕಷ್ಟು ಪುರಾವೆ ಇಲ್ಲ ಅಂದಿದ್ದಾರೆ. ಅದನ್ನ ಓದಿ ನನಗೆ ಕೋಪ ಬರ್ಲಿಲ್ಲ, ಬೇರೆ ಯಾರದ್ದೋ ಮುಖದಲ್ಲಿ ಹಾಲಿಂದ ಏನೂ ಆಗ್ದೇ ಇರ್ಬೋದು.

ಈಗ ಕ್ರೀಮ್ ಮುಂದುವರಿಸ್ತಾ ಊಟದಲ್ಲಿ ಒಂದೊಂದೇ ವಾಪಸ್ ತರ್ತಿದೀನಿ. ವೇ ಪುಡಿ ವಾಪಸ್ ತಂದ ಎಂಟನೇ ವಾರಕ್ಕೆ ದವಡೆಲಿ ಎರಡು ಗಂಟು ಒಟ್ಟಿಗೆ ಬಂತು, ಅದನ್ನ ಪೂರ್ತಿ ನಿಲ್ಲಿಸಿದೀನಿ. ಮೊಸರು ದಿನಾ ತಿಂದ್ರೂ ಏನೂ ಆಗ್ಲಿಲ್ಲ, ಹೊಟ್ಟೆಗೂ ಇಲ್ಲ ಮುಖಕ್ಕೂ ಇಲ್ಲ. ಸದ್ಯ ನಡೀತಿರೋದು ದಿನಕ್ಕೆ ಒಂದು ಲೋಟ ಹಾಲು, ಅದೂ ಲ್ಯಾಕ್ಟೋಸ್ ಫ್ರೀ. ಇದು ಆರನೇ ವಾರ, ಈ ಭಾನುವಾರದ ಕೌಂಟ್ 3, ಎಡಗಡೆ ಮಲಗಿದ್ರೂ ನೋಯ್ತಿಲ್ಲ.