ರೂಟ್ ತುಂಬಿದಾಗ: ಡಿಸ್ಕ್ಸ್, ಪಾರ್ಟೆಡ್, ಜಿಪಾರ್ಟೆಡ್ ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಮನೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಹಿಗ್ಗಿಸಬೇಕಾದರೆ ನಾನು ಹುಡುಕುವುದು ಜಿಪಾರ್ಟೆಡ್ ಲೈವ್ ಪೆನ್‌ಡ್ರೈವನ್ನೇ, ಅಂದರೆ ಪಾರ್ಟಿಷನ್ ಬದಲಿಸುವ ಟೂಲ್ ಇರುವ, ನೇರ ಬೂಟ್ ಆಗುವ ಪೆನ್‌ಡ್ರೈವನ್ನು. ಬೇರೆ ದಾರಿ ಹಿಡಿದು ಒಂದು ವಾರ ಒದ್ದಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನ್ನ ಉಬುಂಟುವಿನಲ್ಲಿ ರೂಟ್‌ಗೆ (ಸಿಸ್ಟಂ ಇರುವ ಮುಖ್ಯ ಪಾರ್ಟಿಷನ್) ಕೊಟ್ಟಿದ್ದು 30 ಜಿಬಿ. ಡಾಕರ್ ಇಮೇಜ್, ಸ್ನ್ಯಾಪ್ ಎಲ್ಲ ಸೇರಿ ಅದು ತುಂಬಿಹೋಯಿತು. ಅದರ ಪಕ್ಕ 8 ಜಿಬಿ ಸ್ವಾಪ್ (ರಾಮ್ ಸಾಲದಾಗ ಬಳಸುವ ಜಾಗ). ಸ್ವಾಪಿನ ಆಚೆ ಹಳೆಯ ಫೋಟೊಗಳಿದ್ದ 100 ಜಿಬಿ ಪಾರ್ಟಿಷನ್. ಫೋಟೊಗಳನ್ನು ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು ಅದನ್ನು ಅಳಿಸಿದೆ. ಜಾಗವೇನೋ ಸಿಕ್ಕಿತು, ಆದರೆ ನಡುವೆ ಸ್ವಾಪ್ ಅಡ್ಡ ಕೂತಿತ್ತು. ಪಾರ್ಟಿಷನ್ ಬೆಳೆಯುವುದು ತನಗೆ ತಾಗಿಕೊಂಡ ಖಾಲಿ ಜಾಗಕ್ಕೆ ಮಾತ್ರ, ಅಲ್ವಾ?

ಮೊದಲು ತೆರೆದದ್ದು ಗ್ನೋಮ್ ಡಿಸ್ಕ್ಸ್. ಅದು ಪಾರ್ಟಿಷನ್ನನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಆದರೆ ಇದ್ದಲ್ಲಿಂದ ಸರಿಸುವುದಿಲ್ಲ. ನನ್ನ ಕೆಲಸ ಅಲ್ಲಿಗೇ ನಿಂತಿತು.

ಆಮೇಲೆ ಟರ್ಮಿನಲ್‌ನಲ್ಲಿ ಪಾರ್ಟೆಡ್. ಸ್ವಾಪ್ ಆಫ್ ಮಾಡಿ, ಅಳಿಸಿ, ರೂಟ್ ಪಾರ್ಟಿಷನ್ನಿನ ಕೊನೆಯನ್ನು ಮುಂದಕ್ಕೆ ತಳ್ಳಿದೆ. ರೂಟಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಓಡುತ್ತಿರುವಾಗಲೇ ಬೆಳೆಯುತ್ತದೆ, ರೀಬೂಟ್ ಕೂಡ ಬೇಡ. ಆದರೆ ಜಾಗ ತೋರಿಸುವ ಡಿಎಫ್ ಕಮಾಂಡ್ ಓಡಿಸಿ ನೋಡಿದರೆ ಅದೇ 30 ಜಿಬಿ! ಪಾರ್ಟೆಡ್ ಮಾಡಿದ್ದು ಹೊಲದ ಬೇಲಿ ಸರಿಸುವ ಕೆಲಸ ಮಾತ್ರ. ಒಳಗಿನ ಫೈಲ್‌ಸಿಸ್ಟಂ ಹಿಗ್ಗಿಸಲು ರೀಸೈಜ್‌2ಎಫ್‌ಎಸ್ ಬೇರೆಯಾಗಿ ಓಡಿಸಬೇಕು. ಕುಗ್ಗಿಸುವಾಗ ಕ್ರಮ ಉಲ್ಟಾ: ಮೊದಲು ಫೈಲ್‌ಸಿಸ್ಟಂ, ಆಮೇಲೆ ಪಾರ್ಟಿಷನ್. ಅಲ್ಲಿ ತಪ್ಪಿದರೆ ಡೇಟಾ ಹೋಗಬಹುದು. ಇನ್ನೊಂದು ಮಾತು, ಇಂಥದ್ದೇ ಇನ್ನೊಂದು ಟೂಲ್ ಆದ ಎಫ್‌ಡಿಸ್ಕ್ ನೀವು ಡಬ್ಲ್ಯೂ ಒತ್ತುವವರೆಗೆ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಪಾರ್ಟೆಡ್ ಆಗಿಂದಾಗಲೇ ಬರೆದುಬಿಡುತ್ತದೆ.

ಇಷ್ಟಾದ ಮೇಲೆ ಉಳಿದ ಜಾಗದಲ್ಲಿ ಎಂಕೆಸ್ವಾಪ್‌ನಿಂದ ಹೊಸ ಸ್ವಾಪ್ ಮಾಡಿದೆ. ಎಲ್ಲ ಮುಗಿಯಿತು ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಆನ್ ಮಾಡಿದರೆ ಬೂಟ್ ಆಗುತ್ತಲೇ ಇಲ್ಲ. ಯಾವುದೋ ಡಿಸ್ಕಿಗಾಗಿ ಕಾಯುತ್ತಿದ್ದೇನೆ ಅನ್ನುವ ಸಾಲು, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಗಡಿಯಾರ. ಅದು ಮುಗಿದ ಮೇಲೆ ಲಾಗಿನ್ ಬಂತು. ದಿನಾ ಇದೇ ಕಥೆ. ಎಸ್‌ಎಸ್‌ಡಿ ಕೆಟ್ಟಿತೇನೋ ಅಂತ ನಿಜಕ್ಕೂ ಹೆದರಿದ್ದೆ. ಕಾರಣ ಬೇರೆಯೇ ಇತ್ತು. ಹೊಸ ಸ್ವಾಪ್ ಅಂದರೆ ಹೊಸ ಯುಯುಐಡಿ (ಗುರುತಿನ ಸಂಖ್ಯೆ). ಬೂಟ್ ಆಗುವಾಗ ಯಾವ ಪಾರ್ಟಿಷನ್ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಇತ್ತು. ಇಲ್ಲದ ಸ್ವಾಪಿಗಾಗಿ, ಬೂಟ್ ನಡೆಸುವ ಸಿಸ್ಟಂಡಿ 90 ಸೆಕೆಂಡ್ ಕಾಯುತ್ತಿತ್ತು.

ಬಿಎಲ್‌ಕೆಐಡಿ ಓಡಿಸಿ, ಹೊಸ ಯುಯುಐಡಿ ನೋಡಿ ಫೈಲಿನಲ್ಲಿ ಬದಲಿಸಿದೆ. ಆದರೂ ಸುಮಾರು ಅರ್ಧ ನಿಮಿಷದ ತಡ ಹೋಗಲಿಲ್ಲ! ಹೈಬರ್ನೇಟ್‌ನಿಂದ ಎದ್ದು ಬರಲು ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಶುರುವಿನಲ್ಲಿ ಓಡುವ ಪುಟ್ಟ ಸಿಸ್ಟಂ) ಕೂಡ ಸ್ವಾಪಿನ ಯುಯುಐಡಿಯನ್ನು ನೆನಪಿಟ್ಟುಕೊಂಡಿರುತ್ತದೆ. ಅದರ ರೆಸ್ಯೂಮ್ ಫೈಲನ್ನೂ ತಿದ್ದಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ ಮೇಲಷ್ಟೇ ಬೂಟ್ ಮೊದಲಿನಂತಾಯಿತು. ಇದು ಹೊಳೆಯಲು ನನಗೆ ಏಳು ದಿನ ಬೇಕಾಯಿತು.

ಕೆಲವು ತಿಂಗಳ ಮೇಲೆ ತಂಗಿಯ ಲ್ಯಾಪ್‌ಟಾಪಿಗೂ ಇದೇ ಗತಿ. ಅಲ್ಲೂ ರೂಟ್, ಸ್ವಾಪ್, ಆಚೆ ಖಾಲಿ ಜಾಗ. ಈ ಸಲ ಜಿಪಾರ್ಟೆಡ್ ಲೈವ್ ಹಾಕಿದೆ. ಪೆನ್‌ಡ್ರೈವಿನಿಂದ ಬೂಟ್ ಆಗುವುದರಿಂದ ರೂಟ್ ಬಳಕೆಯಲ್ಲಿರುವುದಿಲ್ಲ, ಕುಗ್ಗಿಸಬೇಕಿದ್ದರೂ ತೊಂದರೆಯಿಲ್ಲ. ಸ್ವಾಪನ್ನು ಬಲಕ್ಕೆ ಎಳೆದೆ, ರೂಟನ್ನು ಹಿಗ್ಗಿಸಿದೆ. ಮಾಡಲಿರುವ ಕೆಲಸಗಳ ಪಟ್ಟಿ ಕೆಳಗೆ ಕಾಣುತ್ತದೆ. ಅಪ್ಲೈ ಒತ್ತುವವರೆಗೆ ಡಿಸ್ಕ್ ಮುಟ್ಟುವುದಿಲ್ಲ. ಪಾರ್ಟಿಷನ್ನೂ ಫೈಲ್‌ಸಿಸ್ಟಮ್ಮೂ ಸರಿಯಾದ ಕ್ರಮದಲ್ಲಿ ತಾನೇ ಬದಲಿಸಿತು. ಎಲ್ಲಕ್ಕಿಂತ ದೊಡ್ಡದು, ಸ್ವಾಪಿನ ಹಳೆಯ ಯುಯುಐಡಿ ಹಾಗೇ ಉಳಿಯಿತು. ಮರುದಿನ ಅವಳ ಲ್ಯಾಪ್‌ಟಾಪ್ ಎಂದಿನಂತೆ ಎದ್ದಿತು.

ಖಾಲಿ ಜಾಗ ರೂಟಿನ ಎಡಕ್ಕಿದ್ದರೆ ಮಾತ್ರ ತಾಳ್ಮೆ ಬೇಕು. ಆಗ ಡೇಟಾ ಎಲ್ಲ ಸರಿಯಬೇಕು, ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ನಿಂತರೆ ಕಷ್ಟ, ಚಾರ್ಜರ್ ಹಾಕಿಯೇ ಶುರು ಮಾಡಿ.

ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಬಳಸುವವರು ಕುಗ್ಗಿಸುವ ಆಸೆ ಇಟ್ಟುಕೊಳ್ಳಬೇಡಿ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಎಲ್‌ವಿಎಂ (ಚದುರಿದ ಜಾಗಗಳನ್ನು ಒಟ್ಟು ಸೇರಿಸುವ ವ್ಯವಸ್ಥೆ) ಹಾಕಿಕೊಂಡರೆ ಜಾಗ ಪಕ್ಕದಲ್ಲೇ ಇರಬೇಕೆಂಬ ತಕರಾರೇ ಇಲ್ಲ.

ಸ್ಕ್ರೀನ್ ಇಲ್ಲದ ಸರ್ವರ್‌ಗೆ ಪಾರ್ಟೆಡ್ಡೇ ಸರಿ. ನಾನು ಈ ಕೆಲಸಕ್ಕೆ ಕೈಹಾಕುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಅಷ್ಟರಲ್ಲಿ ಕಮಾಂಡ್‌ಗಳು ಮರೆತಿರುತ್ತವೆ. ಜಿಪಾರ್ಟೆಡ್ ಲೈವ್‌ಗೆ ಖರ್ಚು ಅಂದರೆ ಒಂದು ಹಳೆಯ ಪೆನ್‌ಡ್ರೈವ್, 1 ಜಿಬಿಯದಾದರೂ ಸಾಕು. ನನ್ನದಕ್ಕೆ ಹೆಸರು ಬರೆದು ಬ್ಯಾಕಪ್ ಹಾರ್ಡ್‌ಡಿಸ್ಕಿನ ಜೊತೆಗೇ ಇಟ್ಟಿದ್ದೇನೆ.