ಲಿನಕ್ಸ್ ಕರ್ನಲ್ಲೋ, ಓಪನ್‌ಸ್ಟ್ರೀಟ್‌ಮ್ಯಾಪೋ?

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಎಂಜಿನಿಯರಿಗೆ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ) ಕೆಲಸಕ್ಕೆ ಉಳಿಯುವುದು ವಾರಕ್ಕೆ ಮೂರು ನಾಲ್ಕು ಗಂಟೆ. ಅದನ್ನು ಎಲ್ಲಿ ವ್ಯಯಿಸುವುದು?

ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು, 1991ರಿಂದ ಬೆಳೆದುಬಂದ ದೊಡ್ಡ ಮನೆ. ಸಿ ಭಾಷೆ ಚೆನ್ನಾಗಿ ಬರಬೇಕು. ತಿದ್ದುಪಡಿಯನ್ನು ಇಮೇಲಿನಲ್ಲಿ ಕಳುಹಿಸಬೇಕು, ಕೊನೆಗೆ ನಿಮ್ಮ ಹೆಸರಿನ ಸಹಿಸಾಲು ಇರಲೇಬೇಕು. ನಾನು ಮೊದಲ ಸಲ ಕಳುಹಿಸಿದ್ದು ನಾಲ್ಕೇ ಸಾಲು. ಟ್ಯಾಬ್ ಹಾಕಬೇಕಾದ ಕಡೆ ಬರಿ ಜಾಗ ಬಿಟ್ಟಿದ್ದೆ, ವಾಪಸು ಬಂತು. ಮುಖ ಸಪ್ಪಗಾದದ್ದು ನಿಜ. ಆದರೆ ಇನ್ನೊಬ್ಬರ ಕೋಡನ್ನು ನಿಧಾನವಾಗಿ ಓದಲು ಕಲಿತದ್ದು ಅಂದಿನಿಂದಲೇ. ಹೊಸ ಆವೃತ್ತಿ ಹೊರಬರುವುದು ಒಂಬತ್ತು ಹತ್ತು ವಾರಕ್ಕೊಮ್ಮೆ, ಆತುರಗಾರರಿಗಲ್ಲ.

2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೋಡ್ ಬರೆಯಲೇಬೇಕೆಂದಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈತೊಳೆದು, ಹೋಟೆಲಿನ ಫಲಕ ನೋಡಿ ಕನ್ನಡದ ಹೆಸರನ್ನು ಮೊಬೈಲಿನಲ್ಲೇ ಸೇರಿಸಿದೆ. ಕಾಫಿ ಮುಗಿಯುವಷ್ಟರಲ್ಲಿ ನಕ್ಷೆಯ ದತ್ತಾಂಶಕ್ಕೆ ಸೇರಿತ್ತು. ಹೆಸರಿಲ್ಲದ ಅಡ್ಡರಸ್ತೆಗಳು ಇನ್ನೂ ಬೇಕಾದಷ್ಟಿವೆ.

ಕೆಲಸ ಬದಲಿಸುವ ಯೋಚನೆಯಿದ್ದರೆ ಕರ್ನಲ್ ಹಿಡಿಯಿರಿ, ಸಂದರ್ಶನದಲ್ಲಿ ಅದಕ್ಕೆ ತೂಕ ಹೆಚ್ಚು. ಸಂಜೆ ರೈಲಿನಲ್ಲಿ ತೂಕಡಿಸುವವರಾದರೆ ನಕ್ಷೆಯೇ ಸರಿ. ಗೂಗಲ್ ನಕ್ಷೆಯಿಂದ ಮಾತ್ರ ಹೆಸರುಗಳನ್ನು ನಕಲು ಮಾಡಬೇಡಿ. ಪರವಾನಗಿ ಒಪ್ಪುವುದಿಲ್ಲ, ಅಳಿಸಿಹಾಕುತ್ತಾರೆ.