ಕಬ್ಬಿನ ಜೇಕಿಗೆ ಸೆಂಪ್ರಾ: ಯಾರು ಕೊಳ್ಳಬೇಕು, ಯಾರು ಕೊಳ್ಳಬಾರದು

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಎರೆಹೊಲದಲ್ಲಿ ಜೇಕು ಎಂಬ ಗಡ್ಡೆಯ ಕಸ ಹೊಕ್ಕರೆ ಆಳು ಹಚ್ಚಿ ಎಷ್ಟು ಸಲ ಕಸ ತೆಗೆಸಿದರೂ ಹದಿನೈದು ದಿನಕ್ಕೆ ಸಾಲು ಮತ್ತೆ ಹಸಿರು. ಒಂದು ಗಿಡವನ್ನು ಮಣ್ಣುಸಮೇತ ಎಬ್ಬಿಸಿ ನೋಡಿ: ತಂತಿಯಂಥ ಬೇರಿಗೆ ಕರಿ ಗಡ್ಡೆಗಳು ಮಣಿಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿರುವಾಗ ತುದಿಯ ಗಡ್ಡೆ ಉಳಿದವನ್ನು ಮಲಗಿಸಿಟ್ಟಿರುತ್ತದೆ. ಕುರ್ಪಿಯೋ ರೋಟಾವೇಟರೋ ಅದನ್ನು ಕತ್ತರಿಸಿತೆಂದರೆ ಒಂದೊಂದು ಗಡ್ಡೆಯೂ ಒಂದೊಂದು ಗಿಡ. 2,4-ಡಿ ಕಸನಾಶಕ ಹೊಡೆದರೆ ಸುಡುವುದು ಎಲೆ ಮಾತ್ರ.

ಧಾನುಕಾ ಕಂಪನಿಯ ಕಸನಾಶಕ ಸೆಂಪ್ರಾ (ಹ್ಯಾಲೊಸಲ್ಫ್ಯೂರಾನ್ ಮೀಥೈಲ್ 75%) ಎಲೆಯಿಂದ ಗಡ್ಡೆಗೆ ಇಳಿಯುತ್ತದೆ, ಕಬ್ಬಿಗೆ ಧಕ್ಕೆ ಮಾಡುವುದಿಲ್ಲ. ಅದಕ್ಕೇ ಅದರ ಬೆಲೆ ಕೊಡಬಹುದು. ಆದರೆ ಕರಿಕೆಯಂಥ ಹುಲ್ಲು ಇದಕ್ಕೆ ಸಾಯದು. ಕಬ್ಬಿನ ನಡುವೆ ಸೋಯಾ, ಕಡಲೆ, ಉಳ್ಳಾಗಡ್ಡಿ ಹಾಕಿದವರು ಇದನ್ನು ಮುಟ್ಟಲೇಬಾರದು.

ಎಕರೆಗೆ 36 ಗ್ರಾಂ, ನೀರು 150 ಲೀಟರ್. 15 ಲೀಟರಿನ ಪಂಪಿಗೆ ಬರುವುದು 3.6 ಗ್ರಾಂ, ಅಂದಾಜಿನಲ್ಲಿ ಚಿಟಿಕೆ ಹಾಕುವುದರಿಂದಲೇ ಒಂದು ಸಾಲು ಒಣಗಿ ಪಕ್ಕದ ಸಾಲು ಉಳಿಯುವುದು. ಇಡೀ 36 ಗ್ರಾಂ 2 ಲೀಟರ್ ನೀರಿನಲ್ಲಿ ಕದಡಿ, ಹತ್ತು ಪಂಪಿಗೂ 200 ಮಿಲಿ ಅಳೆದು ಹಾಕಿ. ಪುಡಿ ತಳಕ್ಕೆ ಕೂರುತ್ತದೆ, ಪ್ರತಿಸಲ ಅಲ್ಲಾಡಿಸಿಯೇ ಅಳೆಯಬೇಕು. ಜೇಕಿನ ಎಲೆ ಜಾರು ಮೈಯದು, ಅಂಟು ದ್ರಾವಣ ಬೇಕು. ನಾಜಲ್ ಚಪ್ಪಟೆ ಫ್ಯಾನಿನದಿರಲಿ.

ಜೇಕಿಗೆ 3ರಿಂದ 5 ಎಲೆ ಬಂದಾಗ, ಮಣ್ಣು ಹಸಿಯಿರುವಾಗ ಹೊಡೆಯಬೇಕು. ತೆನೆ ಬಿಟ್ಟ ಮೇಲೆ ಹೊಡೆದರೆ ಹೊಸ ಗಡ್ಡೆಗಳು ಆಗಲೇ ಬಲಿತಿರುತ್ತವೆ. ನಾಲ್ಕು ತಾಸು ಮಳೆ ಬರಬಾರದು. ವಾರ ಕಳೆದರೂ ಬರೀ ಹಳದಿಯಾಗಿದೆಯಲ್ಲ ಎಂದು ಬೇಸತ್ತು ಎಡೆ ಹೊಡೆಯುವವರು ಬಹಳ. ಔಷಧ ಕೆಳಗಿಳಿಯುವ ಮೊದಲೇ ಎಲೆ ಕತ್ತರಿಸಿದರೆ ಕೊಟ್ಟ ರೊಕ್ಕ ಮಣ್ಣುಪಾಲು. ಎರಡು-ಮೂರು ವಾರ ತಡೆಯಿರಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸೆಂಪ್ರಾ ಒಂದನ್ನೇ ನಂಬಿದರೆ ಹೊಲ ಸ್ವಚ್ಛವಾಗದು, ಮೊಳೆಯದೆ ಮಲಗಿದ ಗಡ್ಡೆಗೆ ಔಷಧ ಮುಟ್ಟುವುದೇ ಇಲ್ಲ. ಹೊಸ ನಾಟಿಯಾದರೆ ಏಪ್ರಿಲ್-ಮೇ ತಿಂಗಳಲ್ಲಿ ಪಲ್ಟಿ ನೇಗಿಲು ಹೊಡೆದು ಗಡ್ಡೆಯನ್ನು ಮೇಲೆ ತಂದು, ಎರಡು ವಾರ ಬಿಸಿಲಿಗೆ ಬಿಟ್ಟು, ಹರಗಿ ಆರಿಸಿ ಹೊರಗೆ ಹಾಕಿ. ಕಟಾವಾದ ಬುಡದಿಂದ ಚಿಗುರುವ ಕುಳೆ ಕಬ್ಬಿನಲ್ಲಿ ಆ ಅವಕಾಶವಿಲ್ಲ. ರವದಿ (ಕಬ್ಬಿನ ಒಣ ಎಲೆ) ಹೊದಿಸುವುದು ಬೇರೆ ಕಸಕ್ಕೆ ಒಳ್ಳೆಯದೇ, ಜೇಕು ಮಾತ್ರ ಅದನ್ನು ಸೂಜಿಯಂತೆ ತೂರಿ ಬರುತ್ತದೆ. ಬಂದದ್ದಕ್ಕೆ ಔಷಧ, ಕಬ್ಬಿನ ನೆರಳು ಕೂಡುವವರೆಗೆ ಕಾವಲು.

ಹೊಡೆದ ಪಂಪನ್ನು ಸೋಪು ನೀರಿನಲ್ಲಿ ಮೂರು ಸಲ ತೊಳೆಯದೆ ಹತ್ತಿಗೋ ತರಕಾರಿಗೋ ಒಯ್ಯಬೇಡಿ.

ಮೂರು ವಾರದ ಮೇಲೆ ಹತ್ತು ಕಡೆ ಗಡ್ಡೆ ಅಗೆದು ಉಗುರಿನಿಂದ ಸೀಳಿ ನೋಡಿ. ಕಂದಾಗಿ ಮೆತ್ತಗಿದ್ದರೆ ಸತ್ತಿದೆ. ಒಳಗೆ ಬೆಳ್ಳಗೆ ಗಟ್ಟಿಯಿದ್ದು ಘಮ್ ಎಂದು ವಾಸನೆ ಬಂದರೆ ಜೀವ ಇದೆ.